ಮನೆಯ ಲೇತ್ ಕಚ್ಚಿಕೊಂಡಾಗ: ಲಕ್ಷಣ ನೋಡಿ ಕಾರಣ ಹುಡುಕುವ ಬಗೆ

ಗುಜರಿಯಿಂದ ತಂದ ನನ್ನ ಹಳೆಯ ಲೇತ್‌ನ, ಅಂದರೆ ಲೋಹದ ತುಂಡನ್ನು ತಿರುಗಿಸುತ್ತ ಕಡೆಯುವ ಯಂತ್ರದ, ಹೆಡ್‌ಸ್ಟಾಕ್ (ಎಡತುದಿಯ ಗೇರ್ ಪೆಟ್ಟಿಗೆ) ಮುಚ್ಚಳವನ್ನು ಮೊದಲ ಸಲ ತೆಗೆದಾಗ, ಸ್ಪಿಂಡಲ್ (ತುಂಡನ್ನು ತಿರುಗಿಸುವ ಮುಖ್ಯ ದಂಡ) ಮೇಲಿನ ದೊಡ್ಡ ಗೇರಿನಲ್ಲಿ ಅಕ್ಕಪಕ್ಕದ ಎರಡು ಹಲ್ಲುಗಳು ಮಾತ್ರ ಹಳದಿಯಾಗಿದ್ದವು. ಮುರಿದ ಹಲ್ಲುಗಳ ಜಾಗದಲ್ಲಿ ಯಾರೋ ಹಿತ್ತಾಳೆಯ ಬ್ರೇಜಿಂಗ್ ತುಂಬಿ, ಅರದಿಂದ ಉಜ್ಜಿ ಹಲ್ಲಿನ ರೂಪ ಕೊಟ್ಟಿದ್ದರು. ಬ್ಯಾಕ್ ಗೇರನ್ನೂ (ವೇಗ ತಗ್ಗಿಸುವ ಗೇರ್ ಜೋಡಿ) ನೇರ ಚಾಲನೆಯ ಪಿನ್ನನ್ನೂ (ಪುಲ್ಲಿಯನ್ನು ನೇರವಾಗಿ ಸ್ಪಿಂಡಲ್‌ಗೆ ಸೇರಿಸುವ ಪಿನ್) ಒಟ್ಟಿಗೆ ಹಾಕಿದರೆ ಸ್ಪಿಂಡಲ್ ತಿರುಗದಂತೆ ಬೀಗ ಬಿದ್ದ ಹಾಗಾಗುತ್ತದೆ. ಹಾಗೆ ಬೀಗ ಹಾಕಿ, ಕಚ್ಚಿಕೊಂಡ ಚಕ್ಕಿಗೆ (ಸ್ಪಿಂಡಲ್ ತುದಿಯಲ್ಲಿ ತುಂಡನ್ನು ಹಿಡಿಯುವ ಭಾಗ) ಸುತ್ತಿಗೆಯಿಂದ ಹೊಡೆದಾಗ ಪೆಟ್ಟು ಹೋಗಿ ಬೀಳುವುದು ಎರಕದ ಕಬ್ಬಿಣದ ಒಂದೆರಡು ಹಲ್ಲುಗಳ ಮೇಲೆ. ಮನೆಯ ಲೇತ್‌ಗಳಲ್ಲಿ ನಾನು ಕಂಡ ಹೆಚ್ಚಿನ ಹಾನಿ ಜಾಮ್‌ನಿಂದ ಆದದ್ದಲ್ಲ, ಜಾಮ್ ಬಿಡಿಸಲು ಹೋಗಿ ಆದದ್ದು. ಆದ್ದರಿಂದ ಬಲ ಹಾಕುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕು: ಈ ಭಾಗವನ್ನು ಹಿಡಿದುಕೊಂಡಿರುವುದು ಯಾವುದು, ಮತ್ತು ನಾನು ಹಾಕುವ ಬಲವನ್ನು ಕೊನೆಗೆ ಹೊರುವ ಭಾಗ ಯಾವುದು?

ಬೆಲ್ಟ್‌ನಿಂದ ಓಡುವ, ಒಂದು ಎಚ್‌ಪಿ ಆಸುಪಾಸಿನ ಮೋಟಾರಿರುವ ಸಣ್ಣ ಸೆಂಟರ್ ಲೇತ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಪ್ರತಿ ಲಕ್ಷಣದ ಕೆಳಗೆ ಖರ್ಚಿಲ್ಲದ ಪರೀಕ್ಷೆ ಮೊದಲು, ಬಿಚ್ಚುವ ಕೆಲಸ ಕೊನೆಗೆ ಬರುತ್ತದೆ.

ಕೈ ಹಾಕುವ ಮುನ್ನ

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನು ಕಿತ್ತು ಕಣ್ಣಿಗೆ ಕಾಣುವಂತೆ ಲೇತ್ ಮೇಲೆಯೇ ಇಡಬೇಕು. ತ್ರೀ ಫೇಸ್ ಸಂಪರ್ಕವಾದರೆ ಮೇನ್ ಸ್ವಿಚ್ ಇಳಿಸಿ, ಮನೆಯವರಿಗೆಲ್ಲ ಹೇಳಿರಬೇಕು. ಕಚ್ಚಿಕೊಂಡ ಯಂತ್ರದಲ್ಲಿ ಒತ್ತಡ ಕೂಡಿಕೊಂಡಿರುತ್ತದೆ. ಅದು ಬಿಡುವ ಕ್ಷಣದಲ್ಲಿ ಚಕ್ಕೋ ಹ್ಯಾಂಡಲ್ಲೋ ಚಿಮ್ಮಿ ತಿರುಗಬಹುದು. ಹಾಗಾಗಿ ಬೆರಳುಗಳನ್ನು ಗೇರ್‌ಗಳ ನಡುವೆ, ಜಾ (ತುಂಡನ್ನು ಅದುಮುವ ಚಕ್ಕಿನ ದವಡೆ) ಮತ್ತು ಬೆಡ್ (ಲೇತ್‌ನ ಉದ್ದನೆಯ ತಳ) ನಡುವೆ ಇಡಬಾರದು. ಲೋಹದ ಸುರುಳಿಗಳನ್ನು ಕೈಯಿಂದ ಎಳೆಯದೆ ತಂತಿಯ ಕೊಕ್ಕೆಯಿಂದ ಅಥವಾ ಇಕ್ಕಳದಿಂದ ತೆಗೆಯಬೇಕು. ಸುತ್ತಿಗೆ ಬಳಸುವಾಗ ಕನ್ನಡಕ ಬೇಕೇ ಬೇಕು. ಚಕ್ಕಿನ ಜಾಗಳು ಹದ ಮಾಡಿದ ಉಕ್ಕು, ಉಕ್ಕಿನ ಸುತ್ತಿಗೆಯ ಪೆಟ್ಟು ಬಿದ್ದರೆ ಚೂರು ಸಿಡಿದು ಕಣ್ಣಿಗೆ ತಾಗಬಹುದು. ತಾಮ್ರ, ಹಿತ್ತಾಳೆ ಅಥವಾ ಮರದ ಸುತ್ತಿಗೆಯೇ ಇಲ್ಲಿ ಸರಿ.

ಮೋಟಾರಿನ ಶಕ್ತಿಯಿಂದ ಜಾಮ್ ಬಿಡಿಸಲು ಎಂದಿಗೂ ಪ್ರಯತ್ನಿಸಬೇಡಿ. ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಸ್ವಿಚ್ ಹಾಕಿ ನೋಡುವ ಅಭ್ಯಾಸದಿಂದ ಮೋಟಾರಿನ ವೈಂಡಿಂಗ್ ಸುಡುತ್ತದೆ, ಇಲ್ಲವೆ ಗೇರ್ ಮುರಿಯುತ್ತದೆ.

ಮೋಟಾರ್ ಗುಂಯ್ ಎನ್ನುತ್ತದೆ, ಸ್ಪಿಂಡಲ್ ತಿರುಗುವುದಿಲ್ಲ

ಸದ್ದು ಕೇಳಿದ ಕೂಡಲೇ ಸ್ವಿಚ್ ಆರಿಸಬೇಕು. ತಿರುಗದೆ ನಿಂತ ಮೋಟಾರ್ ಹಲವು ಪಟ್ಟು ಕರೆಂಟ್ ಎಳೆಯುತ್ತದೆ.

ಪ್ಲಗ್ ಕಿತ್ತ ನಂತರ ಚಕ್ಕನ್ನು ಕೈಯಿಂದ ತಿರುಗಿಸಿ ನೋಡಿ. ಅದು ಅಲುಗದಿದ್ದರೆ ಹಿಡಿದಿರಬಹುದಾದವುಗಳನ್ನು ಒಂದೊಂದಾಗಿ ಕಣ್ಣಿನಿಂದ ನೋಡಬೇಕು: ಟೂಲ್ ಕೆಲಸದ ತುಂಡಿನೊಳಗೆ ನಾಟಿಕೊಂಡಿದೆಯೇ, ಸ್ಪಿಂಡಲ್ ಲಾಕ್ ಪಿನ್ ಒಳಗೇ ಉಳಿದಿದೆಯೇ, ಬ್ಯಾಕ್ ಗೇರ್ ಮತ್ತು ನೇರ ಚಾಲನೆ ಎರಡೂ ಒಟ್ಟಿಗೆ ಬಿದ್ದಿವೆಯೇ. ಇವು ಯಾವುವೂ ಅಲ್ಲವಾದರೆ ಯಂತ್ರವನ್ನು ಭಾಗ ಮಾಡಿ ನೋಡುವ ಕ್ರಮ ಹಿಡಿಯಬೇಕು. ಮೊದಲು ಬೆಲ್ಟ್ ಸಡಿಲಿಸಿ ತೆಗೆಯಿರಿ. ಆಗ ಸ್ಪಿಂಡಲ್ ಸಲೀಸಾಗಿ ತಿರುಗಿದರೆ ದೋಷ ಮೋಟಾರಿನ ಕಡೆಗಿದೆ. ತಿರುಗದಿದ್ದರೆ ಟಂಬ್ಲರ್ ಲಿವರನ್ನು ನ್ಯೂಟ್ರಲ್‌ಗೆ ತಂದು ಫೀಡ್ ಗೇರ್‌ಗಳನ್ನು (ಟೂಲನ್ನು ತಾನಾಗಿ ಸರಿಸುವ ಗೇರ್‌ಗಳು) ಸ್ಪಿಂಡಲ್‌ನಿಂದ ಬೇರ್ಪಡಿಸಿ. ಈಗ ಬಿಟ್ಟುಕೊಂಡರೆ ಸ್ಪಿಂಡಲ್ ನಿರ್ದೋಷಿ, ಹಿಡಿದಿರುವುದು ಚೇಂಜ್ ಗೇರ್‌ಗಳಲ್ಲೋ (ಫೀಡಿನ ವೇಗ ಬದಲಿಸಲು ಹಾಕುವ ಗೇರ್‌ಗಳು) ಕ್ಯಾರೇಜ್‌ನಲ್ಲೋ (ಟೂಲ್ ಹೊತ್ತು ಬೆಡ್ ಮೇಲೆ ಸರಿಯುವ ಭಾಗ) ಇದೆ. ಚೇಂಜ್ ಗೇರ್‌ಗಳ ಬುಡದಲ್ಲಿ ಸಿಕ್ಕಿಕೊಂಡ ಸಣ್ಣದೊಂದು ಚಿಪ್ (ಕಡೆದ ಲೋಹದ ಚೂರು) ಇಡೀ ಲೇತನ್ನು ನಿಲ್ಲಿಸಬಲ್ಲದು. ಟಾರ್ಚ್ ಹಿಡಿದು ಪ್ರತಿ ಹಲ್ಲಿನ ಸಂದನ್ನೂ ನೋಡಿ, ಬ್ರಷ್ ಮತ್ತು ಸೀಮೆಎಣ್ಣೆಯಿಂದ ತೊಳೆದರೆ ಕೆಲಸ ಮುಗಿಯುತ್ತದೆ.

ಸ್ಪಿಂಡಲ್ ಸ್ವಲ್ಪವಾದರೂ ತಿರುಗುವುದಾದರೆ ಅದು ಹೇಗೆ ಬಿಗಿಯುತ್ತದೆ ಎಂಬುದನ್ನು ಕೈಯಿಂದ ಅನುಭವಿಸಬೇಕು. ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ತಡೆದರೆ ಸ್ಪಿಂಡಲ್ ಮೇಲಿನ ಗೇರಿನಲ್ಲಿ ಚಿಪ್ ಅಥವಾ ಬಾಗಿದ ಹಲ್ಲು ಇದೆ, ಇಲ್ಲವೆ ಚಕ್ ಎಲ್ಲೋ ತಾಗುತ್ತಿದೆ. ಎರಡು ಮೂರು ಸುತ್ತಿಗೊಮ್ಮೆ ತಡೆದರೆ ದೋಷ ಬೇರೆ ಶಾಫ್ಟಿನದು. ಸುತ್ತಿನುದ್ದಕ್ಕೂ ಒಂದೇ ಸಮನೆ ಬಿಗಿಯಾಗಿದ್ದರೆ ಅದು ಬೇರಿಂಗ್‌ನ ಲಕ್ಷಣ. ಹಿತ್ತಾಳೆ ಬಣ್ಣದ ಕಂಚಿನ ಬುಷ್‌ಗಳಿರುವ ಹಳೆಯ ಲೇತ್ ಎಣ್ಣೆಯಿಲ್ಲದೆ ಓಡಿದಾಗ ಹೀಗಾಗುತ್ತದೆ. ಆಯಿಲ್ ಕಪ್ ತುಂಬಿಸಿ ಅರ್ಧ ದಿನ ಬಿಟ್ಟು, ನಂತರ ಪೂರ್ತಿ ಸುತ್ತದೆ ಹಿಂದೆ ಮುಂದೆ ಮೆಲ್ಲನೆ ಅಲುಗಿಸುತ್ತ ಬನ್ನಿ. ಹೊರಬರುವ ಎಣ್ಣೆಯಲ್ಲಿ ಬಂಗಾರದ ಪುಡಿಯಂಥ ಹೊಳಪು ಕಂಡರೆ ಬುಷ್ ಸವೆಯುತ್ತಿದೆ ಎಂದರ್ಥ. ಅಲ್ಲಿಗೆ ನಿಲ್ಲಿಸಿ, ಸ್ಪಿಂಡಲ್ ಬಿಚ್ಚಿ ಅನುಭವವಿರುವವರನ್ನು ಕರೆಯಬೇಕು. ಟೇಪರ್ ರೋಲರ್ ಬೇರಿಂಗ್‌ನ ಬಿಗಿತವನ್ನು ಅಂದಾಜಿನಿಂದ ಬದಲಿಸುವುದೂ ಮನೆಯ ಕೆಲಸವಲ್ಲ.

ಬೆಲ್ಟ್ ತೆಗೆದ ಮೇಲೂ ಮೋಟಾರ್ ಬರೀ ಗುಂಯ್ ಎಂದರೆ, ಸಿಂಗಲ್ ಫೇಸ್ ಆಗಿದ್ದಲ್ಲಿ ಕೆಪಾಸಿಟರ್ ಅಥವಾ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ ಮೇಲೆ ಅನುಮಾನ ಪಡಬೇಕು. ತ್ರೀ ಫೇಸ್ ಆಗಿದ್ದಲ್ಲಿ ಒಂದು ಫೇಸ್ ಬಂದಿಲ್ಲ. ಪಂಪ್‌ಸೆಟ್ ಲೈನಿನಿಂದ ಕರೆಂಟ್ ಪಡೆಯುವ ಹಳ್ಳಿಗಳಲ್ಲಿ ತ್ರೀ ಫೇಸ್ ಕೆಲವು ಗಂಟೆ ಮಾತ್ರ ಇರುವುದರಿಂದ, ಲೇತ್ ಬಿಚ್ಚುವ ಮುನ್ನ ಫೇಸ್ ನೋಡಿಕೊಂಡರೆ ಒಂದು ದಿನದ ಶ್ರಮ ಉಳಿಯುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ, ಅದನ್ನು ಮುಟ್ಟುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಚಕ್ ಸ್ಪಿಂಡಲ್‌ನಿಂದ ಬಿಚ್ಚಿಕೊಳ್ಳುವುದಿಲ್ಲ

ಮನೆಯ ಲೇತ್‌ನಲ್ಲಿ ಅತಿ ಹೆಚ್ಚು ಕಾಡುವ ಜಾಮ್ ಇದು. ಮೊದಲು ನಿಮ್ಮ ಚಕ್ ಹೇಗೆ ಕೂತಿದೆ ಎಂದು ಖಚಿತ ಮಾಡಿಕೊಳ್ಳಿ. ಸಣ್ಣ ಮಿನಿ ಲೇತ್‌ಗಳಲ್ಲಿ ಚಕ್ಕನ್ನು ಸ್ಪಿಂಡಲ್‌ನ ಫ್ಲೇಂಜ್ ಹಿಂದಿನಿಂದ ಮೂರು ನಟ್‌ಗಳು ಹಿಡಿದಿರುತ್ತವೆ, ಅದನ್ನು ತಿರುಗಿಸಿ ಬಿಚ್ಚಲು ಹೋಗುವುದೇ ತಪ್ಪು. ದೊಡ್ಡ ಲೇತ್‌ಗಳ ಕ್ಯಾಮ್‌ಲಾಕ್‌ನಲ್ಲಿ ಸ್ಪಿಂಡಲ್ ಮೂಗಿನ ಸುತ್ತ ಚೌಕ ತೂತಿನ ಕ್ಯಾಮ್‌ಗಳಿದ್ದು, ಪ್ರತಿಯೊಂದನ್ನೂ ಗುರುತಿಗೆ ಸರಿಯಾಗಿ ತಿರುಗಿಸಿದರೆ ಚಕ್ ಕೈಗೆ ಬರುತ್ತದೆ. ಒಂದು ಕ್ಯಾಮ್ ಉಳಿದಿದ್ದರೂ ಚಕ್ ಕಚ್ಚಿಕೊಂಡಂತೆಯೇ ತೋರುತ್ತದೆ. ಈ ಎರಡೂ ಅಲ್ಲದೆ, ಸ್ಪಿಂಡಲ್ ಮೂಗಿನ ಮೇಲೆ ಥ್ರೆಡ್ ಇದ್ದು ಚಕ್ ಅದರ ಮೇಲೆ ನಟ್ಟಿನ ಹಾಗೆ ಏರಿ ಕೂತಿದ್ದರೆ ಮುಂದಿನ ಮಾತುಗಳು ಅನ್ವಯಿಸುತ್ತವೆ.

ಥ್ರೆಡ್ ಚಕ್ಕನ್ನು ಬಿಗಿ ಮಾಡುವುದು ಲೋಹ ಕಡೆಯುವ ಕೆಲಸವೇ. ಟೂಲ್ ಪ್ರತಿ ಸಲ ಲೋಹವನ್ನು ತಡೆದಾಗಲೂ ಚಕ್ ಒಂದು ಕೂದಲಿನಷ್ಟು ಬಿಗಿಯುತ್ತದೆ. ಪಾರ್ಟಿಂಗ್ ಟೂಲ್ (ತುಂಡನ್ನು ಕತ್ತರಿಸಿ ಬೇರ್ಪಡಿಸುವ ಟೂಲ್) ಒಮ್ಮೆಲೇ ನಾಟಿಕೊಂಡರಂತೂ ಒಂದೇ ಪೆಟ್ಟಿಗೆ ಕಚ್ಚಿಬಿಡುತ್ತದೆ. ನನಗೆ ಹೀಗಾದದ್ದು 25 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ರಾಡ್ ಕತ್ತರಿಸುವಾಗ: ಬೆಲ್ಟ್ ಕಿರ್ರೆಂದು ಜಾರಿತು, ರಬ್ಬರ್ ಸುಟ್ಟ ವಾಸನೆ ಬಂತು, ಆಮೇಲೆ ಎಷ್ಟು ಎಳೆದರೂ ಚಕ್ ಬಿಚ್ಚಲಿಲ್ಲ.

ತಿರುಗಿಸಬೇಕಾದ ದಿಕ್ಕನ್ನು ಅನೇಕರು ತಪ್ಪುತ್ತಾರೆ. ಬಲಗೈ ಥ್ರೆಡ್‌ನ ಸ್ಪಿಂಡಲ್‌ನಲ್ಲಿ, ಲೇತ್ ಮುಂದೆ ನಿಂತವರಿಗೆ ಚಕ್ಕಿನ ಮೇಲ್ಭಾಗ ತಮ್ಮ ಕಡೆಗೆ ಬರುವಂತೆ ತಿರುಗಿಸಿದರೆ ಅದು ಬಿಚ್ಚುತ್ತದೆ. ಸಾಮಾನ್ಯವಾಗಿ ಲೇತ್ ಓಡುವ ದಿಕ್ಕೂ ಅದೇ. ಓಡುವಾಗ ಸ್ಪಿಂಡಲ್ ಚಕ್ಕನ್ನು ತಳ್ಳುತ್ತದೆ, ಬಿಚ್ಚುವಾಗ ಸ್ಪಿಂಡಲ್ ನಿಂತು ಚಕ್ ಮಾತ್ರ ತಿರುಗಬೇಕು ಎಂಬುದಷ್ಟೇ ವ್ಯತ್ಯಾಸ.

ಬೆಡ್ ಮೇಲೆ ದಪ್ಪ ಹಲಗೆ ಹಾಸಿ ಕೆಲಸ ಶುರು ಮಾಡಿ. 160 ಮಿ.ಮೀ. ಚಕ್ ಎಂಟು ಕಿಲೊ ಸುಮಾರು ತೂಗುತ್ತದೆ. ಅದು ಕಳಚಿ ಬಿದ್ದರೆ ಬೆಡ್‌ಗೂ ಬೆರಳಿಗೂ ಪೆಟ್ಟು ತಪ್ಪಿದ್ದಲ್ಲ. ಅತ್ಯಂತ ಸುಲಭದ ಉಪಾಯವೆಂದರೆ ಹಿಂಬದಿಯ ಬೆಡ್ ಮತ್ತು ಒಂದು ಜಾ ನಡುವೆ ಗಟ್ಟಿ ಮರದ ತುಂಡು ನಿಲ್ಲಿಸಿ, ಬೆಲ್ಟನ್ನು ಕೈಯಲ್ಲಿ ಹಿಡಿದು ಸ್ಪಿಂಡಲನ್ನು ಹಿಮ್ಮುಖವಾಗಿ ಒಮ್ಮೆ ಜಗ್ಗುವುದು. ಜಾ ಮರಕ್ಕೆ ತಾಗಿ ನಿಲ್ಲುತ್ತದೆ, ಸ್ಪಿಂಡಲ್ ಮುಂದುವರಿದು ಥ್ರೆಡ್ ಸಡಿಲವಾಗುತ್ತದೆ. ಸಾಧಾರಣ ಬಿಗಿತಕ್ಕೆ ಇಷ್ಟೇ ಸಾಕು.

ಸಾಲದಿದ್ದರೆ ಚಕ್ಕಿನಲ್ಲಿ ಆರು ಮೂಲೆಯ ರಾಡನ್ನು ಬಿಗಿಯಾಗಿ ಹಿಡಿಸಿ, ಅದಕ್ಕೆ ದೊಡ್ಡ ರಿಂಗ್ ಸ್ಪ್ಯಾನರ್ ಹಾಕಿ, ಹಿಡಿ ನಮ್ಮ ಕಡೆಗೆ ಅಡ್ಡಲಾಗಿ ಬರುವಂತೆ ನಿಲ್ಲಿಸಿ. ಹಿಡಿಯ ತುದಿಗೆ ತಾಮ್ರದ ಸುತ್ತಿಗೆಯಿಂದ ಕೆಳಮುಖವಾಗಿ ಚುರುಕಾದ ಒಂದು ಪೆಟ್ಟು ಕೊಡಬೇಕು. ಇಲ್ಲಿ ಉದ್ದನೆಯ ಪೈಪ್ ಹಾಕಿ ನಿಧಾನವಾಗಿ ಒತ್ತುವುದಕ್ಕಿಂತ ಚುರುಕಾದ ಪೆಟ್ಟೇ ಮೇಲು, ಏಕೆಂದರೆ ಸ್ಪಿಂಡಲ್ ಮತ್ತು ಪುಲ್ಲಿಯ ತೂಕ ತಟ್ಟನೆ ತಿರುಗಲು ಒಪ್ಪದೆ ಕ್ಷಣಕಾಲ ತಾನೇ ತಡೆಯಾಗಿ ನಿಲ್ಲುತ್ತದೆ, ಗೇರ್‌ಗಳ ಮೇಲೆ ಭಾರ ಹೋಗುವುದಿಲ್ಲ. ಇನ್ನೂ ಆಧಾರ ಬೇಕೆನಿಸಿದರೆ ಪುಲ್ಲಿಗೆ ಹಳೆಯ ಬೆಲ್ಟ್ ಸುತ್ತಿ ಇನ್ನೊಬ್ಬರಿಂದ ಹಿಡಿಸಬಹುದು. ಬ್ಯಾಕ್ ಗೇರ್ ಹಾಕಿ ಬೀಗ ಹಾಕುವುದು ಕೈಯ ಎಳೆತಕ್ಕೆ ಸರಿ, ಸುತ್ತಿಗೆಯ ಪೆಟ್ಟಿಗೆ ಖಂಡಿತ ಸಲ್ಲ. ನನ್ನ ಲೇತ್‌ನ ಹಳದಿ ಹಲ್ಲುಗಳನ್ನು ನೋಡಿದ ಮೇಲೆ ಈ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಬೇಕೆನಿಸುತ್ತದೆ.

ಮೂರನೆಯ ಹಂತ ಎಣ್ಣೆ ಮತ್ತು ಬಿಸಿ. ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಚಕ್ಕಿನ ಹಿಂಬದಿಯ ಸಂದಿಗೆ ಸಂಜೆ ಬಿಟ್ಟು, ರಾತ್ರಿಯಿಡೀ ಇಳಿಯಲು ಬಿಡಬೇಕು. ಮರುದಿನ ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆದು, ಚಕ್ ಹಿಂದಿನ ಬ್ಯಾಕ್‌ಪ್ಲೇಟನ್ನು (ಚಕ್ಕನ್ನು ಸ್ಪಿಂಡಲ್‌ಗೆ ಕೂಡಿಸುವ ತಟ್ಟೆ) ಹಾಟ್ ಏರ್ ಗನ್ನಿನಿಂದ ಸುತ್ತಲೂ ಸಮನಾಗಿ ಬಿಸಿ ಮಾಡಿ. ಬ್ಯಾಕ್‌ಪ್ಲೇಟ್ ಸ್ಪಿಂಡಲ್‌ಗಿಂತ 60 ಡಿಗ್ರಿ ಹೆಚ್ಚು ಬಿಸಿಯಾದರೆ 40 ಮಿ.ಮೀ. ತೂತು ಸುಮಾರು 0.025 ಮಿ.ಮೀ. ಹಿಗ್ಗುತ್ತದೆ. ಕೇಳಲು ಅಲ್ಪವೆನಿಸಿದರೂ ಕಚ್ಚಿಕೊಂಡ ಥ್ರೆಡ್‌ಗೆ ಅದು ದೊಡ್ಡ ಬಿಡುಗಡೆ. ಬಿಸಿ ಒಳಗಿನ ಸ್ಪಿಂಡಲ್‌ಗೂ ಹಬ್ಬಿದರೆ ಲಾಭವೆಲ್ಲ ಹೋಗುತ್ತದೆ; ಆದ್ದರಿಂದ ಬೇಗ ಕಾಯಿಸಿ, ಕೂಡಲೇ ಪೆಟ್ಟು ಕೊಡಬೇಕು. ಬ್ಯಾಕ್‌ಪ್ಲೇಟ್ ಮೇಲೆ ಬಿಟ್ಟ ನೀರಿನ ಹನಿ ಚುರ್ ಎಂದು ಹಾರುವಷ್ಟು ಬಿಸಿಗೆ ಹೋಗಬಾರದು. ಹತ್ತಿರದಲ್ಲೇ ಬೇರಿಂಗ್ ಮತ್ತು ಗ್ರೀಸ್ ಇರುತ್ತವೆ. ಗ್ಯಾಸ್ ಜ್ವಾಲೆಯನ್ನು ಎಣ್ಣೆ ಹಾಕಿದ ಜಾಗದ ಹತ್ತಿರ ತರಲೇಬಾರದು. ನನ್ನ ಚಕ್ ಬಿಟ್ಟದ್ದು ಎರಡನೆಯ ರಾತ್ರಿಯ ಎಣ್ಣೆ, ಮರುದಿನದ ಬಿಸಿ, ಮೂರನೆಯ ಪೆಟ್ಟಿಗೆ. ಸದ್ದು ಒಡೆದಂತೆ ಟಕ್ಕೆಂದು ಬಂದು ಎದೆ ನಡುಗಿತು, ನೋಡಿದರೆ ಥ್ರೆಡ್ ಬಿಟ್ಟಿತ್ತು ಅಷ್ಟೆ.

ಇಷ್ಟಕ್ಕೂ ಬಗ್ಗದಿದ್ದರೆ ಚಕ್ಕನ್ನು ಬ್ಯಾಕ್‌ಪ್ಲೇಟ್‌ನಿಂದ ಅದರ ಬೋಲ್ಟ್‌ಗಳ ಮೂಲಕ ಬೇರ್ಪಡಿಸಿ, ಬರಿಯ ಬ್ಯಾಕ್‌ಪ್ಲೇಟ್‌ನ ತೂತುಗಳಿಗೆ ದಪ್ಪ ಪಟ್ಟಿ ಬೋಲ್ಟ್ ಮಾಡಿ ಅದನ್ನೇ ಸನ್ನೆಯಾಗಿ ಬಳಸಬಹುದು. ಆಮೇಲೆ ಉಳಿಯುವ ದಾರಿ ಒಂದೇ: ಬ್ಯಾಕ್‌ಪ್ಲೇಟನ್ನೇ ಅದೇ ಲೇತ್‌ನಲ್ಲಿ ತೆಳುವಾಗಿ ಕಡಿದು ತೆಗೆಯುವುದು. ಬ್ಯಾಕ್‌ಪ್ಲೇಟ್ ಹೊಸದು ಮಾಡಿಸಬಹುದು, ಸ್ಪಿಂಡಲ್‌ನ ಥ್ರೆಡ್ ಕೆಟ್ಟರೆ ಲೇತೇ ಹೋದಂತೆ. ಹಾಗಾಗಿ ಈ ಹಂತವನ್ನು ಕೈ ಪಳಗಿದ ಟರ್ನರ್ ಒಬ್ಬರಿಗೆ ಒಪ್ಪಿಸುವುದೇ ಸರಿ.

ಚಕ್ ಕೀ ತಿರುಗುವುದಿಲ್ಲ, ಜಾ ಅಲುಗುವುದಿಲ್ಲ

ಮೂರು ಜಾ ಚಕ್ಕಿನೊಳಗೆ ಸುರುಳಿ ಆಕಾರದ ಸ್ಕ್ರೋಲ್ ಇರುತ್ತದೆ. ಅದರ ಸಂದುಗಳಲ್ಲಿ ಚಿಪ್ ಮತ್ತು ಒಣಗಿದ ಗ್ರೀಸ್ ಸೇರಿ ಅಂಟಾಗುತ್ತವೆ. ಕೀ ಸ್ವಲ್ಪ ತಿರುಗಿ ಮೆತ್ತಗೆ ನಿಂತರೆ ಅದು ಕೊಳೆ, ಗಟ್ಟಿಯಾಗಿ ತಟ್ಟಿ ನಿಂತರೆ ಲೋಹದ ಚೂರು. ಮೊದಲನೆಯದಕ್ಕೆ ಸೀಮೆಎಣ್ಣೆ ಬಿಟ್ಟು ಹಿಂದೆ ಮುಂದೆ ಆಡಿಸಿದರೆ ಸಾಕು. ಎರಡನೆಯದಕ್ಕೆ ಬಿಗಿಯುವ ದಿಕ್ಕಿನಲ್ಲಿ ಒತ್ತಬೇಡಿ. ಬಿಚ್ಚುವ ದಿಕ್ಕಿಗೆ ತಿರುಗಿಸಿ ಜಾಗಳನ್ನು ಹೊರತೆಗೆದು, ಸ್ಕ್ರೋಲನ್ನು ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ತೊಳೆಯಿರಿ. ಜಾಗಳ ಮೇಲೆ 1, 2, 3 ಎಂದು ಸಂಖ್ಯೆ ಇರುತ್ತದೆ, ಅದೇ ಸಂಖ್ಯೆಯ ಸೀಳಿಗೆ ಅದೇ ಕ್ರಮದಲ್ಲಿ ಹಾಕಬೇಕು, ಇಲ್ಲವಾದರೆ ಮೂರೂ ಒಂದೇ ಕೇಂದ್ರಕ್ಕೆ ಬರುವುದಿಲ್ಲ. ಕೀಗೆ ಪೈಪ್ ಸಿಕ್ಕಿಸಿ ಉದ್ದ ಮಾಡಿದರೆ ಒಳಗಿನ ಪಿನಿಯನ್ ಮುರಿಯುತ್ತದೆ. ಕೀಯನ್ನು ಕ್ಷಣಕಾಲವೂ ಚಕ್ಕಿನಲ್ಲಿ ಬಿಟ್ಟು ಕೈ ತೆಗೆಯಬಾರದು.

ಕ್ಯಾರೇಜ್ ನಿಂತಲ್ಲೇ ನಿಂತಿದೆ

ಹತ್ತರಲ್ಲಿ ಐದು ಸಲ ಕಾರಣ ಒಂದೇ: ಫೇಸಿಂಗ್ (ತುಂಡಿನ ಮುಖ ಸಮ ಮಾಡುವುದು) ಮಾಡುವಾಗ ಬಿಗಿ ಮಾಡಿದ ಕ್ಯಾರೇಜ್ ಲಾಕ್ ಬೋಲ್ಟನ್ನು ಸಡಿಲಿಸಲು ಮರೆತಿರುತ್ತೇವೆ. ಅದಲ್ಲದಿದ್ದರೆ ಫೀಡ್ ಲಿವರ್ ಮತ್ತು ಹಾಫ್ ನಟ್ ಲಿವರ್ (ಥ್ರೆಡ್ ಕಟ್ ಮಾಡುವಾಗ ಕ್ಯಾರೇಜನ್ನು ಲೀಡ್ ಸ್ಕ್ರೂ ಎಂಬ ಉದ್ದನೆಯ ಥ್ರೆಡ್ ದಂಡಕ್ಕೆ ಕಚ್ಚಿಸುವುದು) ಎರಡೂ ನ್ಯೂಟ್ರಲ್‌ನಲ್ಲಿವೆಯೇ ನೋಡಿ. ಎರಡೂ ಒಟ್ಟಿಗೆ ಬೀಳದಂತೆ ಅನೇಕ ಲೇತ್‌ಗಳಲ್ಲಿ ಒಳಗೆ ತಡೆ ಇರುತ್ತದೆ, ಒಂದು ಲಿವರ್ ಇಳಿಯುತ್ತಿಲ್ಲವೆಂದರೆ ಇನ್ನೊಂದು ಬಿದ್ದಿರಬಹುದು. ಆಮೇಲೆ ಬೆಡ್ ಮೇಲಿನ ವೈಪರ್‌ಗಳ ಕೆಳಗೆ ಚಿಪ್ ಸೇರಿದೆಯೇ ನೋಡಿ, ಕೊನೆಗೆ ಗಿಬ್ ಸ್ಕ್ರೂಗಳನ್ನು (ಜಾರುವ ಭಾಗದ ಬಿಗಿತ ಹೊಂದಿಸುವ ಸ್ಕ್ರೂಗಳು) ಕಾಲು ಸುತ್ತಿನಷ್ಟೇ ಸಡಿಲಿಸಿ. ಎಷ್ಟು ತಿರುಗಿಸಿದಿರಿ ಎಂದು ಬರೆದಿಟ್ಟುಕೊಂಡರೆ ಮರಳಿ ಹೊಂದಿಸುವುದು ಸುಲಭ.

ಬೇರೆಯೇ ಆದ, ಹೆಚ್ಚು ಅಪಾಯದ ಸಂದರ್ಭವೆಂದರೆ ಥ್ರೆಡ್ ಕಟ್ ಮಾಡುವಾಗ ಟೂಲ್ ಅಂಚಿಗೆ ಡಿಕ್ಕಿ ಹೊಡೆದು ಹಾಫ್ ನಟ್ ಬಿಚ್ಚದಿರುವುದು. ಲೀಡ್ ಸ್ಕ್ರೂ ಇನ್ನೂ ನಟ್ಟನ್ನು ಒತ್ತಿ ಹಿಡಿದಿರುವುದರಿಂದ ಲಿವರ್ ಏಳುವುದಿಲ್ಲ, ಬಲವಂತ ಮಾಡಿದರೆ ಲಿವರಿನ ಪಿನ್ ಕತ್ತರಿಸಿ ಹೋಗುತ್ತದೆ. ಇಲ್ಲಿ ಮೊದಲು ಒತ್ತಡ ಇಳಿಸಬೇಕು. ಕಾಂಪೌಂಡ್ ಸ್ಲೈಡ್ (ಟೂಲ್ ಕೂತಿರುವ ಮೇಲಿನ ಸಣ್ಣ ಸ್ಲೈಡ್) ಅಡ್ಡಕ್ಕೆ ನಿಂತಿಲ್ಲವಾದರೆ ಅದನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸಿ ಟೂಲನ್ನು ತುಂಡಿನಿಂದ ದೂರ ಸರಿಸಿದರೆ ಬಹುಪಾಲು ಅಷ್ಟಕ್ಕೇ ಬಿಡುತ್ತದೆ. ಬಿಡದಿದ್ದರೆ ಟಂಬ್ಲರನ್ನು ನ್ಯೂಟ್ರಲ್‌ಗೆ ತಂದು, ಲೀಡ್ ಸ್ಕ್ರೂವಿನ ಥ್ರೆಡ್ ಇಲ್ಲದ ತುದಿಗೆ ಬಟ್ಟೆ ಸುತ್ತಿ ಪೈಪ್ ರೆಂಚ್‌ನಿಂದ ಸ್ವಲ್ಪವೇ ಹಿಂದಕ್ಕೆ ತಿರುಗಿಸಿ. ಲಿವರ್ ಬೆರಳ ಬಲಕ್ಕೇ ಏಳುವುದು ಒತ್ತಡ ಇಳಿದ ಗುರುತು.

ಸ್ಪಿಂಡಲ್ ಮತ್ತು ಗೇರ್‌ಗಳು ತಿರುಗುತ್ತಿದ್ದು ಲೀಡ್ ಸ್ಕ್ರೂ ಮಾತ್ರ ನಿಂತಿದ್ದರೆ ಅದು ಜಾಮ್ ಅಲ್ಲ, ಶಿಯರ್ ಪಿನ್ (ಭಾರ ಹೆಚ್ಚಾದಾಗ ಗೇರ್ ಉಳಿಸಲು ತಾನು ಮುರಿಯುವ ಪಿನ್) ತನ್ನ ಕೆಲಸ ಮಾಡಿ ತುಂಡಾಗಿದೆ. ಅದರ ಜಾಗಕ್ಕೆ ಅಷ್ಟೇ ಮೆತ್ತಗಿನ ಪಿನ್ನನ್ನೇ ಹಾಕಬೇಕು. ಗಟ್ಟಿ ಉಕ್ಕಿನ ಬೋಲ್ಟ್ ಹಾಕಿದರೆ ಮುಂದಿನ ಸಲ ಮುರಿಯುವುದು ಗೇರ್.

ಟೇಲ್‌ಸ್ಟಾಕ್‌ನಿಂದ ಸೆಂಟರ್ ಅಥವಾ ಡ್ರಿಲ್ ಹೊರಬರುವುದಿಲ್ಲ

ಟೇಲ್‌ಸ್ಟಾಕ್ ಎಂದರೆ ಬೆಡ್‌ನ ಬಲಗಡೆಯ ಆಧಾರ, ಸೆಂಟರ್ ಎಂದರೆ ಅದರಲ್ಲಿ ಕೂತು ತುಂಡಿನ ತುದಿಯನ್ನು ಹೊರುವ ಚೂಪಾದ ಭಾಗ. ಅವನ್ನು ಹಿಡಿದಿಡುವ ಮೋರ್ಸ್ ಟೇಪರ್ (ಕ್ರಮೇಣ ಕಿರಿದಾಗುವ ಬುಡ) ತಾನಾಗಿ ಕಚ್ಚಿಕೊಳ್ಳುವಂತೆಯೇ ರೂಪುಗೊಂಡದ್ದು, ಉದ್ದದ ಇಪ್ಪತ್ತರಲ್ಲಿ ಒಂದರಷ್ಟು ಮಾತ್ರ ಅದು ಕಿರಿದಾಗುತ್ತದೆ. ಟೇಲ್‌ಸ್ಟಾಕ್ ಹ್ಯಾಂಡಲನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರೆ ಒಳಗಿನ ಸ್ಕ್ರೂ ತುದಿ ಸೆಂಟರಿನ ಬಾಲಕ್ಕೆ ತಾಗಿ ಅದನ್ನು ಹೊರತಳ್ಳಬೇಕು. ಹ್ಯಾಂಡಲ್ ಕೊನೆಯವರೆಗೆ ಸಲೀಸಾಗಿ ಬಂದು ಸೆಂಟರ್ ಹಾಗೆಯೇ ಉಳಿದರೆ, ಅದರ ಬಾಲ ಗಿಡ್ಡವಾಗಿದ್ದು ಸ್ಕ್ರೂ ತಾಗುತ್ತಿಲ್ಲ. ಆಗ ಕ್ವಿಲ್ಲನ್ನು (ಹ್ಯಾಂಡಲ್ ತಿರುಗಿಸಿದಾಗ ಒಳಹೊರಗೆ ಸರಿಯುವ ಕೊಳವೆ) ಪೂರ್ತಿ ಹೊರತೆಗೆದು, ಹಿಂದಿನಿಂದ ಹಿತ್ತಾಳೆಯ ರಾಡ್ ಇಟ್ಟು ತಟ್ಟಬೇಕು. ಹ್ಯಾಂಡಲ್ ಗಟ್ಟಿಯಾಗಿ ನಿಂತು ಸೆಂಟರ್ ಬಿಡದಿದ್ದರೆ, ಇದೀಗ ಡ್ರಿಲ್ ಮಾಡಿ ಬಿಸಿಯಾಗಿದ್ದಲ್ಲಿ ಅರ್ಧ ಗಂಟೆ ತಣಿಯಲು ಬಿಡಿ, ಒಳಗಿನ ತುಂಡು ಕುಗ್ಗಿದರೆ ತಾನೇ ಸಡಿಲವಾಗುತ್ತದೆ. ತಣ್ಣಗಿದ್ದೂ ಕಚ್ಚಿದ್ದರೆ ಕ್ವಿಲ್‌ನ ಹೊರಮೈಯನ್ನು ಹಾಟ್ ಏರ್ ಗನ್ನಿನಿಂದ ಕಾಯಿಸಿ ಮತ್ತೆ ಹ್ಯಾಂಡಲ್ ತಿರುಗಿಸಿ. ಡ್ರಿಲ್ ಚಕ್ಕನ್ನು ಪೈಪ್ ರೆಂಚ್‌ನಿಂದ ತಿರುಚಿ ಎಳೆದರೆ ಟೇಪರ್‌ನ ಒಳಮೈ ಗೀರುಬೀಳುತ್ತದೆ, ಆ ಗೀರು ಮುಂದೆ ಹಾಕುವ ಪ್ರತಿ ಸೆಂಟರನ್ನೂ ಓಲಾಡಿಸುತ್ತದೆ.

ಕರಾವಳಿ ಮತ್ತು ಮಲೆನಾಡಿನ ಕಡೆ ಮಳೆಗಾಲದ ನಾಲ್ಕು ತಿಂಗಳು ಮುಟ್ಟದೆ ಬಿಟ್ಟ ಲೇತ್‌ನಲ್ಲಿ ಕ್ವಿಲ್ಲೇ ಟೇಲ್‌ಸ್ಟಾಕ್‌ನೊಳಗೆ ತುಕ್ಕು ಹಿಡಿದು ನಿಲ್ಲುವುದುಂಟು. ಕ್ವಿಲ್ ಲಾಕ್ ಸಡಿಲವಾಗಿದೆ ಎಂದು ಖಚಿತಪಡಿಸಿಕೊಂಡು, ಎರಡು ಮೂರು ದಿನ ಬಿಡದೆ ಎಣ್ಣೆ ಹಾಕಿ, ಹ್ಯಾಂಡಲನ್ನು ಬರಿಗೈಯ ಬಲದಿಂದಷ್ಟೇ ಎರಡೂ ದಿಕ್ಕಿಗೆ ಆಡಿಸಿ. ಹ್ಯಾಂಡಲ್‌ಗೆ ಪೈಪ್ ಹಾಕಬೇಕೆನಿಸಿದಾಗ ನಿಲ್ಲಿಸಿ ಇನ್ನೊಂದು ದಿನ ಎಣ್ಣೆಗೆ ಬಿಡಬೇಕು.

ಗೇರ್ ಲಿವರ್ ಬೀಳುವುದಿಲ್ಲ

ಬಹುಮಟ್ಟಿಗೆ ಇದು ದೋಷವಲ್ಲ, ಹಲ್ಲಿನ ಎದುರು ಹಲ್ಲು ನಿಂತಿರುತ್ತದೆ. ಲೇತ್ ಪೂರ್ತಿ ನಿಂತ ಮೇಲೆ ಒಂದು ಕೈಯಿಂದ ಚಕ್ಕನ್ನು ಮೆಲ್ಲನೆ ಹೊರಳಿಸುತ್ತ ಇನ್ನೊಂದು ಕೈಯಿಂದ ಲಿವರ್ ಹಾಕಿದರೆ ಬೀಳುತ್ತದೆ. ಹಾಗೂ ಬೀಳದೆ ಲಿವರ್ ಸಡಿಲವಾಗಿ ಓಲಾಡಿದರೆ ಒಳಗಿನ ಫೋರ್ಕ್ ಕಳಚಿದೆ, ಮುಚ್ಚಳ ತೆಗೆದು ನೋಡಬೇಕು.

ಬಿಟ್ಟುಕೊಂಡ ಮೇಲೆ

ಜಾಮ್ ಬಿಟ್ಟ ಕೂಡಲೇ ಕೆಲಸ ಮುಂದುವರಿಸಬೇಡಿ. ಸ್ಪಿಂಡಲ್ ಮೂಗಿನ ಥ್ರೆಡ್‌ನಲ್ಲಿ ಎದ್ದ ಮುಳ್ಳುಗಳನ್ನು ಸಣ್ಣ ಅರದಿಂದ ಸವರಿ, ಕೊಕ್ಕೆ ತಂತಿಯಿಂದ ಚಕ್ಕಿನ ಥ್ರೆಡ್ ಬುಡದ ಕೊಳೆ ತೆಗೆದು, ಒಂದು ಹನಿ ಎಣ್ಣೆ ಹಾಕಿ ಕೈಯಿಂದಲೇ ಏರಿಸಿ. ಮೂಗಿನ ಹೊರಮೈಗೆ ಡಯಲ್ ಗೇಜ್ ಇಟ್ಟು ಸ್ಪಿಂಡಲ್ ಕೈಯಿಂದ ಸುತ್ತಿದಾಗ ಗೇಜಿನ ಮುಳ್ಳು ಹಿಂದೆಂದಿಗಿಂತ ಹೆಚ್ಚು ಆಡುತ್ತಿದ್ದರೆ ಡಿಕ್ಕಿಯಲ್ಲಿ ಸ್ಪಿಂಡಲ್ ಅಥವಾ ಬೇರಿಂಗ್‌ಗೆ ಪೆಟ್ಟು ಬಿದ್ದಿದೆ, ಲೇತ್ ಓಡಿಸದೆ ತೋರಿಸಬೇಕು. ಗೇಜ್ ಸ್ಥಿರವಾಗಿದ್ದರೆ ಗೇರ್‌ಗಳ ಪ್ರತಿ ಹಲ್ಲನ್ನೂ ಟಾರ್ಚ್ ಬೆಳಕಿನಲ್ಲಿ ನೋಡಿ, ಬೆಲ್ಟ್ ಜಾರಿ ಗಾಜಿನಂತೆ ಹೊಳೆಯುತ್ತಿದ್ದರೆ ಬದಲಿಸಿ, ಚಕ್ಕಿನಲ್ಲಿ ಏನೂ ಹಿಡಿಸದೆ, ಜಾಗಳನ್ನು ಒಳಗೆ ತಂದು, ಅತಿ ಕಡಿಮೆ ವೇಗದಲ್ಲಿ ಹತ್ತು ನಿಮಿಷ ಓಡಿಸಿ. ಆಮೇಲೆ ಸ್ವಿಚ್ ಆರಿಸಿ ಮುಂದಿನ ಬೇರಿಂಗ್‌ನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ, ಇಟ್ಟ ಕೈಯನ್ನು ತೆಗೆಯಲೇಬೇಕಾದಷ್ಟು ಸುಟ್ಟರೆ ಮತ್ತೆ ಬೆಲ್ಟ್ ತೆಗೆದು ಬೇರಿಂಗ್‌ನ ಪರೀಕ್ಷೆಗೆ ಹಿಂದಿರುಗಬೇಕು.